ಗೋಕಾಕ ಪರಿಸರದ ಊರ ಹೆಸರುಗಳಲ್ಲಿ ರಕ್ಷಿತ ನೆಲೆಯ ಪದಗಳು: ಒಂದು ವಿಮರ್ಶೆ

ಕೋಟೆ, ಗಡ, ದುರ್ಗ ಎಂಬ ಉತ್ತರಪದಗಳುಳ್ಳ ಹೆಸರುಗಳನ್ನು ಪಟ್ಟಿಮಾಡಿದರೆ ರಕ್ಷಿತ ನೆಲೆಗಳ ಇತಿಹಾಸ ಮುಗಿಯಿತೆಂದು ಭಾವಿಸುವ ರೂಢಿ ನಮ್ಮ ಸ್ಥಳನಾಮ ಅಧ್ಯಯನದಲ್ಲಿ ಬೆಳೆದುಬಂದಿದೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳನ್ನು ಈ ದೃಷ್ಟಿಯಿಂದ ನೋಡಿದರೆ ದೊರೆಯುವುದು ಅತ್ಯಲ್ಪ. ಸಂಕೇಶ್ವರದ ಸಮೀಪದ ವಲ್ಲಭಗಡ ಗಿರಿದುರ್ಗವನ್ನು ನೇರವಾಗಿ ಸೂಚಿಸುವ ಹೆಸರು. ಆದರೆ ‘ಗಡ’ ಮರಾಠಿಯ ಸಂಪರ್ಕದಿಂದ ಈ ಭಾಗದಲ್ಲಿ ಬೇರೂರಿದ ಪದ. ಅದಕ್ಕಿಂತ ಹಳೆಯ ಪದರವು ಸಾಮಾನ್ಯ ಊರುಗಳ ಹೆಸರಿನ ಕೊನೆಯಲ್ಲಿ ಅಡಗಿದೆ.

ತುಕ್ಕಾನಟ್ಟಿ, ಉಪ್ಪಾರಟ್ಟಿಗಳಲ್ಲಿ ‘ಅಟ್ಟಿ’ಯಾಗಿ ಸವೆದಿರುವುದು ‘ಹಟ್ಟಿ’. ವಡೇರಹಟ್ಟಿಯಲ್ಲಿ ಹಕಾರ ಇನ್ನೂ ಉಳಿದಿದೆ. ಇದರ ಹಳಗನ್ನಡ ರೂಪ ‘ಪಟ್ಟಿ’. ದನಕುರಿಗಳನ್ನು ಕೂಡುವ ಆವರಣ ಮೊದಲ ಅರ್ಥ. ಆ ಆವರಣದ ಸುತ್ತ ಬೆಳೆದ ಜನವಸತಿ ಅನಂತರದ್ದು. ಯಾದವಾಡದಂಥ ಹೆಸರುಗಳ ‘ವಾಡ’ವನ್ನು ಆವರಣವೆಂಬ ಅರ್ಥದ ಸಂಸ್ಕೃತದ ‘ವಾಟ’ಕ್ಕೆ ಜೋಡಿಸುವುದುಂಟು. ದೇಸಾಯಿ ಮನೆತನಗಳ ‘ವಾಡೆ’ಯೂ ಇದೇ ಬಳಗದ್ದು. ಮುಳ್ಳುಬೇಲಿಯಿಂದ ಕಲ್ಲಿನ ವಾಡೆಯವರೆಗಿನ ರಕ್ಷಣೆಯ ಚರಿತ್ರೆಯನ್ನು ಈ ಎರಡು ಪದಗಳು ಕಾಪಾಡಿಕೊಂಡಿವೆ.

ಹಟ್ಟಿಯ ಮಹತ್ವವನ್ನು ಮೊದಲು ಗಂಭೀರವಾಗಿ ಚರ್ಚಿಸಿದವರಲ್ಲಿ ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಶಂಬಾ ಜೋಶಿಯವರು (1896–1991) ಪ್ರಮುಖರು. ಸ್ಥಳನಾಮವನ್ನು ಇತಿಹಾಸದ ಆಕರವೆಂದು ಸ್ಥಾಪಿಸಿದ ಕೀರ್ತಿಯಲ್ಲಿ ಅವರಿಗೆ ದೊಡ್ಡ ಪಾಲಿದೆ. ಆದರೆ ಪದದಿಂದ ನೇರವಾಗಿ ಜನಾಂಗಕ್ಕೆ ಜಿಗಿಯುವ ಅವರ ವಿಧಾನವನ್ನು ಇಂದು ಯಥಾವತ್ತಾಗಿ ಒಪ್ಪಲಾಗದು. ‘ಹಟ್ಟಿ’ ಎಂಬ ಉತ್ತರಪದ ವಸತಿಯ ಸ್ವರೂಪವನ್ನು ಹೇಳುತ್ತದೆ. ಅಲ್ಲಿ ನೆಲೆಸಿದ್ದವರು ಯಾರೆಂಬುದಕ್ಕೆ ಬೇರೆ ಆಧಾರ ಬೇಕು.

ಶಾಸನದ ನೆರವಿಲ್ಲದ ನಿರ್ವಚನ ಎಷ್ಟು ಅಪಾಯಕರವೆಂಬುದಕ್ಕೆ ಕಲ್ಲೊಳ್ಳಿಯೇ ನಿದರ್ಶನ. ಇಂದಿನ ಕಿವಿಗೆ ಇಲ್ಲಿ ‘ಹಳ್ಳಿ’ ಕೇಳಿಸುತ್ತದೆ. ಪಟ್ಟದಕಲ್ಲಿನ ಪ್ರಾಚೀನ ನಾಮ ‘ಕಿಸುವೊಳಲ್’ ಎಂಬುದನ್ನು ಬಲ್ಲ ವಿದ್ವಾಂಸನಿಗೆ ಪಟ್ಟಣವಾಚಿಯಾದ ‘ಪೊಳಲ್’ ಹೊಳೆಯಬಹುದು. ಆದರೆ ಕ್ರಿ.ಶ. 1204ರ ರಟ್ಟರ ಕಾಲದ ಶಾಸನದಲ್ಲಿ ಊರಿನ ಹೆಸರು ‘ಸಿಂದನ ಕಲ್ಪೊಳೆ’. ‘ಪೊಳೆ’ ಎಂದರೆ ಹೊಳೆ. ಹಳ್ಳಿಯೂ ಅಲ್ಲ, ಪಟ್ಟಣವೂ ಅಲ್ಲ. ಇದೇ ಶಾಸನ ಕೂಂಡಿ ಮೂರುಸಾವಿರಕ್ಕೆ ಸೇರಿದ ‘ಕುರುಂಬೆಟ್ಟ’ ಕಂಪಣವನ್ನು ಹೆಸರಿಸುತ್ತದೆ. ಅದು ಇಂದಿನ ಶಿಂದಿಕುರಬೇಟ. ‘ಶಿಂದಿ’ಯನ್ನು ಈಚಲ ಹೆಂಡವೆಂದು ಅರ್ಥೈಸುವ ಮುನ್ನ ಶಾಸನದ ‘ಸಿಂದ’ನನ್ನು ನೆನೆಯಬೇಕು. ತಮಿಳಿನ ‘ಕುಱುಂಬು’ ಪದಕ್ಕೆ ಕೋಟೆಯೆಂಬ ಅರ್ಥವೂ ಇರುವುದರಿಂದ ‘ಕುರುಂಬೆಟ್ಟ’ವನ್ನು ಕೋಟೆಯ ಬೆಟ್ಟವೆನ್ನುವ ಆಸೆ ಸಹಜ. ಆದರೆ ಕುರಿಗಾರರ ಬೆಟ್ಟವೆಂಬ ನಿರ್ವಚನ ಕನ್ನಡದೊಳಗೇ ಸಿದ್ಧಿಸುವುದರಿಂದ ಅದಕ್ಕೇ ಸದ್ಯ ಮೊದಲ ಮನ್ನಣೆ ಸಲ್ಲಬೇಕು.

ಶಾಸನ ಮೌನವಾಗಿರುವಲ್ಲಿ ಜಾನಪದ ನೆರವಿಗೆ ಬರುತ್ತದೆ. ಉತ್ತರ ಕರ್ನಾಟಕದಲ್ಲಿ ಊರ ಹೆಬ್ಬಾಗಿಲಿಗೆ ‘ಅಗಸಿ’ ಎಂದು ಹೆಸರು. ಗೋಡೆ ಬಿದ್ದುಹೋದ ಮೇಲೂ ಅಗಸಿ ಎಂಬ ಮಾತು ಬಳಕೆಯಿಂದ ಹೋಗಿಲ್ಲ. ಕಾರಹುಣ್ಣಿಮೆಯಂದು ಅಗಸಿಗೆ ಕಟ್ಟಿದ ಕರಿಯನ್ನು ಎತ್ತುಗಳು ಹರಿಯುವ ಆಚರಣೆ, ಊರಿಗೆ ಒಳಗು ಹೊರಗುಗಳಿದ್ದ ಕಾಲವನ್ನು ವರ್ಷಕ್ಕೊಮ್ಮೆ ಮತ್ತೆ ಸ್ಥಾಪಿಸುತ್ತದೆ. ಬುರುಜನ್ನು ಸೂಚಿಸುವ ‘ಹುಡೇವು’ ಕೂಡ ಇಂಥದೇ ಜೀವಂತ ಪದ.

ಆದ್ದರಿಂದ ಒಂದು ಹೆಸರನ್ನು ಕೋಟೆವಾಚಿ ಎನ್ನುವ ಮೊದಲು ಶಾಸನದ ರೂಪ, ಸ್ಥಳೀಯರ ಉಚ್ಚಾರಣೆ, ನೆಲದ ಲಕ್ಷಣ ಈ ಮೂರನ್ನೂ ಹೋಲಿಸಿ ನೋಡಬೇಕು. ಉಪ್ಪಾರಟ್ಟಿಯನ್ನು ಯಾರಾದರೂ ‘ಉಪ್ಪಾರಹಳ್ಳಿ’ಯೆಂದು ತಿದ್ದಿ ಬರೆದರೆ ಬರವಣಿಗೆ ಶುದ್ಧವಾದಂತೆ ತೋರೀತು, ಆದರೆ ಸಾಕ್ಷ್ಯವೊಂದು ಅಳಿದಿರುತ್ತದೆ. ಊರ ಹೆಸರುಗಳ ಜೊತೆಗೆ ಅಗಸಿ, ಹುಡೇವು, ಹೊಲಗಳ ಹೆಸರುಗಳನ್ನೂ ಹಿರಿಯರ ಬಾಯಿಂದಲೇ ಕೇಳಿ, ಉಚ್ಚರಿಸಿದಂತೆಯೇ ದಾಖಲಿಸುವ ಕಾರ್ಯ ತಾಲ್ಲೂಕುವಾರು ನಡೆಯಬೇಕಾಗಿದೆ.