ಕ್ಯಾಮರಾ ಯಾರ ಕೈಯಲ್ಲಿತ್ತು?

ಹವ್ಯಾಸಿ ಛಾಯಾಗ್ರಹಣದ ಮಾತು ಬಂದರೆ ಬೆಂಗಳೂರಿನ ಟಿ.ಎನ್.ಎ. ಪೆರುಮಾಳರ ವನ್ಯಜೀವಿ ಚಿತ್ರಗಳು, ಮೂಡಿಗೆರೆಯ ತೇಜಸ್ವಿಯವರ ಹಕ್ಕಿಗಳು ನೆನಪಾಗುತ್ತವೆ. ಆಗಲೇಬೇಕು. ಆದರೆ ಮನೆಮನೆಯ ಬೀರುವಿನಲ್ಲಿ ಸೀರೆಗಳ ಕೆಳಗೆ ಕೂತ ಆಲ್ಬಮ್ಮುಗಳನ್ನು ಯಾರೂ ವಿಮರ್ಶೆಗೆ ಎತ್ತಿಕೊಳ್ಳುವುದಿಲ್ಲ. ತಲೆ ಕತ್ತರಿಸಿದೆ, ಅಲುಗಿದೆ ಎಂದು ನಕ್ಕು ಮುಚ್ಚಿಡುತ್ತೇವೆ. ನನ್ನ ಆಕ್ಷೇಪಣೆ ಬೇರೆಯದು.

ಜರಗನಹಳ್ಳಿಯ ನಮ್ಮ ಮನೆಗೆ ಮೊದಲು ಬಂದದ್ದು ಅಗ್ಫಾ ಕ್ಲಿಕ್-3. ಒಂದು ರೋಲಿಗೆ 12 ಚೌಕ ಚಿತ್ರಗಳು. ಊಟದೆಲೆಗೆ ಉಪ್ಪಿನಕಾಯಿ ಬಡಿಸುವ ಹಾಗೆ ಖರ್ಚು ಮಾಡಬೇಕು: ನಾಮಕರಣಕ್ಕೆ ಎರಡು, ಗೌರಿಹಬ್ಬಕ್ಕೆ ಒಂದು. ರೋಲು ಮುಗಿಯುವಷ್ಟರಲ್ಲಿ ತೊಟ್ಟಿಲ ಮಗು ನಡೆಯುತ್ತಿತ್ತು! ಆ ಜಿಪುಣತನದಲ್ಲಿ ಅಮ್ಮನ ಪಾಲಿಗೆ ಬಂದದ್ದು ರೇಷ್ಮೆ ಸೀರೆ ಉಟ್ಟು ನೆಟ್ಟಗೆ ನಿಂತ ಚಿತ್ರಗಳು. ಒರಳಿನ ಮುಂದೆ ಕೂತ ಅಮ್ಮನನ್ನು, ಬಾವಿಯಲ್ಲಿ ನೀರು ಸೇದುವ ಅಮ್ಮನನ್ನು ಯಾರೂ ಬೇಕೆಂದು ತೆಗೆಯಲಿಲ್ಲ. ನಾನು ದಿನಾ ಕಂಡ ಅಮ್ಮ ಅವಳೇ.

ರೋಲು ದುಬಾರಿ, ಅದಕ್ಕೆ ಹೀಗೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 1980ರ ದಶಕದಲ್ಲಿ ಹಾಟ್ ಶಾಟ್ ಬಂತು, ಆಮೇಲೆ 36 ಚಿತ್ರಗಳ ಬಣ್ಣದ ರೋಲು ಬಂತು. ಅಮ್ಮನ ಸೀರೆಗೆ ಬಣ್ಣ ಬಂತೇ ಹೊರತು ಅವಳ ಕೆಲಸಕ್ಕೆ ಜಾಗ ಸಿಗಲಿಲ್ಲ. ಕ್ಯಾಮರಾ ಅಪ್ಪನ ಬೀಗದೊಳಗಿತ್ತು. "ಹೆಂಗಸರು ಮುಟ್ಟಿದರೆ ಹಾಳಾದೀತು" ಎಂಬ ಮಾತು. ಹೊಲಿಗೆ ಯಂತ್ರ, ಮಿಕ್ಸಿ ಅವಳ ಕೈಯಲ್ಲಿ ಹಾಳಾಗಲಿಲ್ಲವಲ್ಲ? ಹೋಮಾಯ್ ವ್ಯಾರಾವಾಲಾ ಸೀರೆಯುಟ್ಟೇ ನೆಹರೂ ಕಾಲದ ದೆಹಲಿಯನ್ನು ಸೆರೆಹಿಡಿದರು. 2011ರಲ್ಲಿ ಪದ್ಮವಿಭೂಷಣ ಪಡೆದರು.

ಆದರೂ ಆ ಆಲ್ಬಮ್ಮನ್ನು ಎಸೆಯಲಾರೆ. ಅಪ್ಪ ಬೇಕೆಂದು ತೆಗೆದದ್ದಕ್ಕಿಂತ, ಹೇಳದೆ ಕೇಳದೆ ನುಗ್ಗಿದ್ದೇ ಅದರಲ್ಲಿ ಚೆಂದ. ನಮ್ಮ ಬೆನ್ನ ಹಿಂದೆ ಮನೆಗಳಿಲ್ಲದ ಬಯಲು, ಕನಕಪುರ ರಸ್ತೆಯಲ್ಲಿ ಎತ್ತಿನ ಗಾಡಿ, ಸಾರಕ್ಕಿ ಕೆರೆಯ ದಂಡೆ. ಆ ಕೆರೆಯ ಒತ್ತುವರಿ ತೆರವಾದದ್ದು 2015ರಲ್ಲಿ. 2017ರಿಂದ ಆ ರಸ್ತೆಯ ನೆತ್ತಿಯ ಮೇಲೆ ಮೆಟ್ರೋ ಓಡುತ್ತಿದೆ. ಕೊನೆಯ ಹಾಳೆಯಲ್ಲಿ, "ಕೆಟ್ಟದ್ದು" ಎಂದು ಅಪ್ಪ ತಳ್ಳಿದ ಒಂದು ಚಿತ್ರವಿದೆ. ಎಡತುದಿಯಲ್ಲಿ ಅರ್ಧ ಸೆರಗು, ಕೊಡ ಹಿಡಿದ ಕೈ. ಬಳೆ ನೋಡಿದರೆ ಗೊತ್ತು, ಅಮ್ಮನದೇ. ಇಡೀ ಆಲ್ಬಮ್ಮಿನಲ್ಲಿ ನನಗೆ ಅದೇ ಒಳ್ಳೆಯ ಚಿತ್ರ.

ಈಗ ಮೊಬೈಲು ನಮ್ಮ ಕೈಯಲ್ಲೇ ಇದೆ. ರೋಲಿನ ಲೆಕ್ಕವಿಲ್ಲ. ಆದರೂ ಅಡುಗೆಮನೆಯಲ್ಲಿ ತೆಗೆಯಹೋದರೆ "ಇರು, ಸೀರೆ ಬದಲಾಯಿಸಿ ಬರ್ತೀನಿ" ಎನ್ನುವವರೇ ಹೆಚ್ಚು. ಸಾಲದ್ದಕ್ಕೆ, ಮುಖ ಉಳಿಸಿ ಹಿಂದಿನದನ್ನೆಲ್ಲ ಮಸುಕು ಮಾಡುವ ವಿದ್ಯೆಯನ್ನೂ ಫೋನು ಕಲಿತಿದೆ. ನನ್ನ ಮಗಳಿಗೆ ಅದು ಬಲು ಇಷ್ಟ. ನನ್ನನ್ನು ತೆಗೆಯುವಾಗ ಮಾತ್ರ ಅದನ್ನು ಆರಿಸು ಎನ್ನುತ್ತೇನೆ. ಒಣಹಾಕಿದ ಬಟ್ಟೆ, ಗ್ಯಾಸ್ ಸಿಲಿಂಡರು, ತಿದ್ದದೆ ಉಳಿದ ಉತ್ತರಪತ್ರಿಕೆಗಳ ಕಟ್ಟು ಎಲ್ಲವೂ ಬರಲಿ.