ಗುಂಡಿಯ ಫೋನೋ, ಗಾಜಿನ ಫೋನೋ?

ಮನೆಯ ಹಿರಿಯರಿಗೆ ಹೊಸ ಮೊಬೈಲು ಕೊಡಿಸುವ ಮಾತು ಬಂದಾಗಲೆಲ್ಲ ನಮ್ಮವರ ಮನೆಗಳಲ್ಲಿ ಕೇಳಿಬರುವ ತೀರ್ಪು ಒಂದೇ: ವಯಸ್ಸಾದವರಿಗೆ ಗುಂಡಿಯ ಫೋನು ಸಾಕು, ಮುಟ್ಟುವ ಗಾಜಿನದು ಹುಡುಗರಿಗಿರಲಿ. ಈ ತೀರ್ಪಿನಲ್ಲಿ ಅಕ್ಕರೆಯಿದೆ, ಅನುಭವವೂ ಇದೆ. ಆದರೆ ಹೊರನಾಡಿನಲ್ಲಿ ನೆಲೆಸಿದ ನಾವು ಕೇಳಲೇಬೇಕಾದ ಒಂದು ಪ್ರಶ್ನೆ ಅದರಲ್ಲಿ ಇಲ್ಲ. ಈ ಯಂತ್ರದಲ್ಲಿ ಕನ್ನಡ ಬರೆಯಲು ಆಗುತ್ತದೆಯೇ? ಬೆಲೆ, ಬಣ್ಣ, ಕ್ಯಾಮರಾಗಳ ವಿಚಾರಣೆ ಮುಗಿದರೂ ಈ ಪ್ರಶ್ನೆ ಅಂಗಡಿಯಲ್ಲಿ ಏಳುವುದೇ ಇಲ್ಲ.

ಗುಂಡಿಯ ಫೋನಿನ ಗುಣಗಳನ್ನು ಮೊದಲು ಒಪ್ಪಿಕೊಳ್ಳೋಣ. 2003ರಲ್ಲಿ ಬಂದ ನೋಕಿಯಾ 1100 ಜಗತ್ತಿನಾದ್ಯಂತ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ಅದರಲ್ಲಿ ಟಾರ್ಚು ಇತ್ತು, ಧೂಳು ಹೊಗದ ಗುಂಡಿಗಳಿದ್ದವು, ಒಮ್ಮೆ ಚಾರ್ಜು ಮಾಡಿದರೆ ದಿನಗಟ್ಟಲೆ ಓಡುತ್ತಿತ್ತು. ಒತ್ತಿದ್ದು ಬೆರಳಿಗೆ ತಿಳಿಯುತ್ತದೆ. ಕತ್ತಲಲ್ಲಿಯೂ ಕರೆ ಮಾಡಬಹುದು. ಇಂಥ ಫೋನಿನಿಂದ ಹಣ ಕಳಿಸಲಾಗದೆಂಬ ಕೊರತೆಯನ್ನೂ 2022ರ ಮಾರ್ಚಿನಲ್ಲಿ ರಿಸರ್ವ್ ಬ್ಯಾಂಕು ಆರಂಭಿಸಿದ ಯುಪಿಐ 123ಪೇ ಬಹುಮಟ್ಟಿಗೆ ನೀಗಿಸಿತು.

ಆದರೆ ಬರವಣಿಗೆಯ ಮಾತು ಬಂದಾಗ ಗುಂಡಿ ಸೋಲುತ್ತದೆ. ಎರಡರಿಂದ ಒಂಬತ್ತರವರೆಗಿನ ಎಂಟು ಗುಂಡಿಗಳಲ್ಲಿ ಇಂಗ್ಲಿಷಿನ 26 ಅಕ್ಷರಗಳನ್ನು ಹಂಚಿದರೆ ಗುಂಡಿಗೆ ಮೂರೋ ನಾಲ್ಕೋ ಬರುತ್ತವೆ. ನಮ್ಮ 49 ಅಕ್ಷರಗಳನ್ನು ಹಂಚಿದರೆ ಆರು. ಕಾಗುಣಿತದ ಚಿಹ್ನೆಗಳು, ಒತ್ತಕ್ಷರಗಳು ಆಮೇಲಿನ ಮಾತು. ಎಸ್ಸೆಮ್ಮೆಸ್ಸಿನ ಲೆಕ್ಕವಂತೂ ಇನ್ನೂ ಬಿಗಿ. ಒಂದು ಸಂದೇಶದಲ್ಲಿ ಇಂಗ್ಲಿಷಿಗೆ 160 ಸ್ಥಾನ, ಯುನಿಕೋಡಿನಲ್ಲಿ ಕಳಿಸುವ ಕನ್ನಡಕ್ಕೆ 70. ನಾವು ಒಂದೇ ಅಕ್ಷರವೆಂದು ಬರೆಯುವ 'ಸ್ತ್ರೀ'ಯನ್ನು ಯಂತ್ರ ಆರು ಸ್ಥಾನವೆಂದು ಎಣಿಸುತ್ತದೆ. ಇಷ್ಟು ತಾಪತ್ರಯ ಯಾರಿಗೆ ಬೇಕು? ಹೀಗಾಗಿ ಗುಂಡಿಯ ಫೋನು ಹಿಡಿದ ನಮ್ಮವರು ಮಾತನಾಡಿದರೇ ಹೊರತು ಬರೆಯಲಿಲ್ಲ.

ಅಕ್ಷರಕ್ಕೊಂದು ಗುಂಡಿಯಿದ್ದ ಬ್ಲ್ಯಾಕ್‌ಬೆರಿಯಂಥ ಫೋನುಗಳ ಕಥೆ ಬೇರೆ. ಬೆರಳುಗಳಿಗೆ ಅವು ಹಿತವಾಗಿದ್ದವು. ಇಂದಿಗೂ ಅವನ್ನು ನೆನೆದು ಮರುಗುವವರಿದ್ದಾರೆ. 2022ರ ಜನವರಿ 4ರಂದು ಹಳೆಯ ಬ್ಲ್ಯಾಕ್‌ಬೆರಿ ಫೋನುಗಳ ಸೇವೆ ನಿಂತಿತು. 2007ರಲ್ಲಿ ಐಫೋನನ್ನು ಪರಿಚಯಿಸುತ್ತ ಸ್ಟೀವ್ ಜಾಬ್ಸ್ ಇಂಥ ಗುಂಡಿಗಳ ಮೇಲೆ ಹೊರಿಸಿದ ಮುಖ್ಯ ಆಕ್ಷೇಪವೆಂದರೆ, ಬೇಕಿರಲಿ ಬೇಡವಿರಲಿ ಅವು ಅಲ್ಲೇ ಇರುತ್ತವೆ, ಬದಲಾಗುವುದಿಲ್ಲ ಎಂಬುದು. ಕನ್ನಡ ಅವರ ಮನಸ್ಸಿನಲ್ಲಿ ಇದ್ದಿರಲಾರದು. ಆದರೂ ಆ ಮಾತಿನ ಫಲ ನಮ್ಮಂಥ ಲಿಪಿಗಳಿಗೆ ಸಿಕ್ಕಿತು. ಗುಂಡಿಯ ಮೇಲೆ ಅಚ್ಚಾದ ಅಕ್ಷರ ಶಾಶ್ವತ. ಗಾಜಿನ ಮೇಲೆ ಮೂಡುವ ಅಕ್ಷರವನ್ನು ನಮಗೆ ಬೇಕಾದ ಲಿಪಿಗೆ ಬದಲಿಸಿಕೊಳ್ಳಬಹುದು.

ಇಂಗ್ಲಿಷ್ ಗುಂಡಿಗಳಿಂದ ಕನ್ನಡ ಅಸಾಧ್ಯವೆಂದು ಇದರ ಅರ್ಥವಲ್ಲ. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಉಚ್ಚಾರಣೆಯನ್ನು ಅನುಸರಿಸಿ ಕನ್ನಡವನ್ನೆಲ್ಲ ಆ ಕೀಲಿಗಳಲ್ಲೇ ಅಳವಡಿಸಿತು; 'ನುಡಿ' ತಂತ್ರಾಂಶ ಬಳಸುವವರಿಗೆ ಅದು ಚಿರಪರಿಚಿತ. ಆದರೆ ಅದಕ್ಕೆ ಕಲಿತ ಕೈ ಬೇಕು. ಗಾಜಿನ ಫೋನಿಗೆ ಅಕ್ಷರಮಾಲೆ ಗೊತ್ತಿದ್ದರೆ ಸಾಕು. ಮುಂಬಯಿಯ ಪವಾಯಿಯಲ್ಲಿರುವ ಐಐಟಿಯವರು ರೂಪಿಸಿದ 'ಸ್ವರಚಕ್ರ'ದಲ್ಲಿ ವ್ಯಂಜನವನ್ನು ಮುಟ್ಟಿದೊಡನೆ ಅದರ ಕಾಗುಣಿತ ಸುತ್ತಲೂ ಚಕ್ರದಂತೆ ಬಿಚ್ಚಿಕೊಳ್ಳುತ್ತದೆ. ಸ್ಲೇಟಿನ ಮೇಲೆ ಕಾಗುಣಿತ ತಿದ್ದಿದವರಿಗೆ ಅದನ್ನು ಬೇರೆಯಾಗಿ ಕಲಿಸಬೇಕಿಲ್ಲ.

ಹಾಗೆಂದ ಮಾತ್ರಕ್ಕೆ ಗಾಜು ನಿರ್ದೋಷಿಯಲ್ಲ. ಒಣಗಿದ ಬೆರಳಿಗೆ ಅದು ಹಲವೊಮ್ಮೆ ಓಗೊಡುವುದಿಲ್ಲ. ನಡುಗುವ ಬೆರಳು ಒಂದನ್ನು ಮುಟ್ಟಹೋಗಿ ಇನ್ನೊಂದನ್ನು ಮುಟ್ಟುತ್ತದೆ. ಬಂದ ಕರೆಯನ್ನು ಎತ್ತಲು ಕೆಲವದರಲ್ಲಿ ಜಾರಿಸಬೇಕು, ಕೆಲವದರಲ್ಲಿ ಮುಟ್ಟಬೇಕು. ಹಿರಿಯರ ಅಂಜಿಕೆ ಹುಸಿಯಲ್ಲ. ಅದನ್ನು ನಗೆಯಾಡುವುದು ತರವೂ ಅಲ್ಲ.

ಇನ್ನೊಂದು ದೋಷ ಯಂತ್ರದ್ದಲ್ಲ, ನಮ್ಮವರದೇ. ಕನ್ನಡದ ಕೀಲಿಮಣೆ ಕೈಯಲ್ಲಿದ್ದರೂ ಮಕ್ಕಳು ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆಯುತ್ತಾರೆ. ಅಲ್ಲಿ 'ಹಾಲು', 'ಹಾಳು' ಎರಡೂ ಒಂದೇ. ಲಕಾರ, ಳಕಾರಗಳ ಭೇದವಿಲ್ಲ. ಈ ಊರುಗಳ ಶಾಲೆಗಳಲ್ಲಿ ಕನ್ನಡ ಕಲಿಯುವ ಅವಕಾಶ ವಿರಳ. ಅಜ್ಜಿ ಕನ್ನಡ ಲಿಪಿಯಲ್ಲಿ ಕಳಿಸುವ ನಾಲ್ಕು ಸಾಲು ಎಷ್ಟೋ ಮಕ್ಕಳಿಗೆ ಮನೆಯೊಳಗೆ ಸಿಗುವ ಏಕೈಕ ಕನ್ನಡ ಓದು. ಆ ಅಜ್ಜಿಗೆ ಗುಂಡಿಯ ಫೋನು ಸಾಕೆಂದು ತೀರ್ಮಾನಿಸುವಾಗ ನಾವು ಉಳಿಸುವುದು ಕೆಲವು ಸಾವಿರ ರೂಪಾಯಿ. ಮುಚ್ಚುವುದು ಆ ಪಾಠಶಾಲೆಯನ್ನು.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು. ಕರೆಗೆ ಮಾತ್ರ ಫೋನು ಬೇಕೆನ್ನುವವರು, ಕಣ್ಣು ಕೈ ಸಹಕರಿಸದವರು ಗುಂಡಿಯದನ್ನೇ ಕೊಳ್ಳಲಿ. ಅದರಲ್ಲಿ ಹಿಂಜರಿಕೆ ಬೇಡ. ಬರೆಯುವ ಆಸೆ ಇರುವವರಿಗೆ, ವಯಸ್ಸು ಎಷ್ಟೇ ಇರಲಿ, ಗಾಜಿನದೇ ಮೇಲು. ಕೊಳ್ಳುವ ಮುನ್ನ ಬಳಸುವವರನ್ನೇ ಅಂಗಡಿಗೆ ಕರೆದೊಯ್ಯಿರಿ. ಅಕ್ಷರ ದೊಡ್ಡದು ಮಾಡಿಸಿ ಓದಿಸಿರಿ. ಕರೆಯೊಂದನ್ನು ಅವರೇ ಎತ್ತಿ ಇಡಲಿ. 'ಕೃಷ್ಣಮೂರ್ತಿ', 'ಧರ್ಮಸ್ಥಳ'ದಂಥ ಒತ್ತಕ್ಷರದ ಎರಡು ಪದಗಳನ್ನು ಅವರ ಕೈಯಿಂದಲೇ ಬರೆಸಿ ನೋಡಿರಿ. ಮನೆಗೆ ಬಂದ ಮೇಲೆ ಒಂದು ವಾರ ದಿನಕ್ಕೆ ಹತ್ತು ನಿಮಿಷ ಪಕ್ಕದಲ್ಲಿ ಕುಳಿತು ಕಲಿಸುವುದು ಮೊಮ್ಮಕ್ಕಳ ಪಾಲಿಗಿರಲಿ. ಕಲಿಸಲು ಕುಳಿತ ಮಗುವೂ ನಾಲ್ಕು ಅಕ್ಷರ ಕಲಿತೇ ಏಳುತ್ತದೆ.