ಆಕಾಶಕ್ಕೆ ಬೇಲಿ, ಆಟಕ್ಕೆ ಬಾಡಿಗೆ

ಭೂಮಿ, ಕೂಲಿ, ಹಾಸ್ಟೆಲಿನ ಅನ್ನ ಇವುಗಳ ಬಗ್ಗೆ ಬರೆಯೋದು ಬಿಟ್ಟು ಕ್ರಿಕೆಟ್ಟು, ಟೀವಿ ಅಂತ ಯಾಕ್ರೀ ಬರೀತೀರಿ ಎಂದು ಕೆಲವು ಗೆಳೆಯರು ಮೂಗು ಮುರಿಯುತ್ತಾರೆ. ಅವರು ಒಂದು ಸಲ ಮುಳಬಾಗಿಲು ತಾಲ್ಲೂಕಿನ ತಾಯಲೂರಿನ ಕಡೆ ಬರಲಿ. ಮ್ಯಾಚಿನ ದಿನ ಟೊಮೆಟೊ ಬಿಡಿಸಿ ಬಂದ ಹುಡುಗರ ಜೊತೆ ಕೂರಲಿ. "ಬರಲ್ಲ ಕಣಣ್ಣಾ, ಪ್ಯಾಕ್ ಹಾಕ್ಸಿಲ್ಲ" ಎಂಬ ಮಾತಿಗೆ ಅಲ್ಲಿ ಯಾರೂ ಆಶ್ಚರ್ಯಪಡುವುದಿಲ್ಲ. ಉಳ್ಳವನು ಆಟ ನೋಡಿದರೆ ಅಭಿರುಚಿ, ಕೂಲಿಯವನು ನೋಡಿದರೆ ಕಾಲಹರಣ ಎಂಬ ತೀರ್ಮಾನ ನಮ್ಮ ಚಳವಳಿಯ ಒಳಗೂ ನುಸುಳಿ ಕೂತಿದೆ.

ಆಟದ ಅಂಗಳದಲ್ಲಿ ಯಾರು ಎಲ್ಲಿ ನಿಲ್ಲಬೇಕು ಎಂಬುದು ಈ ದೇಶದಲ್ಲಿ ಮೊದಲಿಂದಲೂ ಜಾತಿಯ ಪ್ರಶ್ನೆಯೇ. ಪಾಲ್ವಂಕರ್ ಬಾಲು ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, ಚಮ್ಮಾರರ ಮನೆಯಲ್ಲಿ. ಪುಣೆಯ ಹಿಂದೂಗಳಿಗೆ ಆತನ ಎಡಗೈ ಸ್ಪಿನ್ ಬೇಕಿತ್ತು. ಚಹಾ ಮಾತ್ರ ಪೆವಿಲಿಯನ್ನಿನ ಆಚೆ, ಕುಡಿದು ಬಿಸಾಡುವ ಮಣ್ಣಿನ ಲೋಟದಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದ ಮನುಷ್ಯ ಆತ. ಆಡುವವನಿಗೇ ಹೀಗಾದರೆ ನೋಡುವವನ ಗತಿ ಏನು?

1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೂರದರ್ಶನಕ್ಕೆ ಬಣ್ಣ ಬಂತು. 1983ರ ಜೂನ್ 25ರಂದು ಲಾರ್ಡ್ಸ್‌ನ ಫೈನಲ್ ಪಂದ್ಯ ನೇರವಾಗಿ ಬಂತು. ಆ ಕಾಲವನ್ನು ಹೊಗಳಲು ನಾನು ತಯಾರಿಲ್ಲ. ದೂರದರ್ಶನ ಸರ್ಕಾರದ ತುತ್ತೂರಿಯಾಗಿತ್ತು. ಹಳ್ಳಿಯಲ್ಲಿ ಟೀವಿ ಇದ್ದದ್ದು ಉಳ್ಳವರ ಮನೆಯಲ್ಲಿ, ಕೇರಿಯ ಮಕ್ಕಳು ನಿಂತದ್ದು ಕಿಟಕಿಯಾಚೆ. ಆದರೂ ಗಾಳಿಯಲ್ಲಿ ಬರುವ ಅಲೆಗೆ ಬೀಗವಿರಲಿಲ್ಲ. ಕೇರಿಯವನೊಬ್ಬ ಕಷ್ಟಪಟ್ಟು ಪೆಟ್ಟಿಗೆ ಕೊಂಡು, ಸೂರಿನ ಮೇಲೆ ಆಂಟೆನಾ ನಿಲ್ಲಿಸಿದರೆ ಗೌಡರ ಮನೆಗೆ ಬಂದದ್ದೇ ಅವನ ಮನೆಗೂ ಬರುತ್ತಿತ್ತು.

ಬೀಗ ಬಿದ್ದ ಕತೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1993ರ ಹೀರೋ ಕಪ್ಪಿನ ಪ್ರಸಾರವನ್ನು ಬಂಗಾಳದ ಕ್ರಿಕೆಟ್ ಸಂಸ್ಥೆ ವಿದೇಶಿ ಕಂಪನಿಗೆ ಕೊಟ್ಟಿತು. ಸರ್ಕಾರ ತಕರಾರು ತೆಗೆಯಿತು. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಅಲೆಗಳು ಸಾರ್ವಜನಿಕ ಸ್ವತ್ತು, ಅದರ ಮೇಲೆ ಸರ್ಕಾರದ ಏಕಸ್ವಾಮ್ಯ ಸಲ್ಲದು ಎಂದಿತು. ಮಾತು ಕೇಳಲು ಎಷ್ಟು ಚಂದ! ಆದರೆ ಸರ್ಕಾರದ ಕೈ ಸಡಿಲವಾದ ಜಾಗಕ್ಕೆ ಸಾರ್ವಜನಿಕರು ಬರಲಿಲ್ಲ, ಕಂಪನಿಗಳು ಬಂದವು. ಗೋಮಾಳದ ಕತೆಯೂ ಹೀಗೇ ಅಲ್ಲವೇ?

2007ರಲ್ಲಿ ಪಾರ್ಲಿಮೆಂಟು ಒಂದು ಕಾಯ್ದೆ ಮಾಡಿತು. ರಾಷ್ಟ್ರೀಯ ಮಹತ್ವದ ಪಂದ್ಯಗಳನ್ನು ಹಕ್ಕು ಕೊಂಡ ಕಂಪನಿಯು ಪ್ರಸಾರ ಭಾರತಿಯ ಜೊತೆ ಹಂಚಿಕೊಳ್ಳಬೇಕು. ಟೀವಿಯ ಜಾಹೀರಾತು ಹಣದಲ್ಲಿ ನೂರಕ್ಕೆ 75 ಪಾಲು ಕಂಪನಿಗೆ, 25 ಪ್ರಸಾರ ಭಾರತಿಗೆ. ಕೇಬಲ್‌ನವರು ದೂರದರ್ಶನವನ್ನು ತೋರಿಸಲೇಬೇಕೆಂಬ ನಿಯಮ ಮೊದಲೇ ಇತ್ತು. ಹಾಗಾಗಿ ಕೇಬಲ್ ಇದ್ದ ಮನೆಗೂ ಇಂಡಿಯಾ ಮ್ಯಾಚು ಪುಕ್ಕಟೆ ಬರುತ್ತಿತ್ತು. ಕಂಪನಿಗಳು ಇದನ್ನು ಸಹಿಸಲಿಲ್ಲ. 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು, ಹಂಚಿಕೊಂಡ ಪ್ರಸಾರ ದೂರದರ್ಶನದ ಸ್ವಂತ ಆಂಟೆನಾ ಜಾಲಕ್ಕೆ ಮತ್ತು ಫ್ರೀ ಡಿಶ್‌ಗೆ ಮಾತ್ರ, ಕೇಬಲ್ಲಿಗೆ ಇಲ್ಲ ಎಂದಿತು. ಆಮೇಲೆ ಪ್ರಸಾರ ಭಾರತಿಯೇ ಹಳೆಯ ಟ್ರಾನ್ಸ್‌ಮಿಟರುಗಳಲ್ಲಿ ಬಹುಪಾಲನ್ನು ಮುಚ್ಚಿಬಿಟ್ಟಿತು. ಇದ್ದ ಎರಡು ದಾರಿಯಲ್ಲಿ ಒಂದು ಹೋಯಿತು. ಉಳಿದದ್ದು ತಿಂಗಳ ಬಾಡಿಗೆ ಇಲ್ಲದ ಫ್ರೀ ಡಿಶ್. ಕೇಬಲ್ಲಿಗೆ ದುಡ್ಡು ಕಟ್ಟುವ ಬಡವನಿಗೆ ಅದೂ ಇಲ್ಲ. ಅವನ ದೂರದರ್ಶನದಲ್ಲಿ ಮ್ಯಾಚಿನ ಹೊತ್ತಿಗೆ ಬೇರೇನೋ ಓಡುತ್ತಿರುತ್ತದೆ.

2019ರ ಫೆಬ್ರವರಿಯಿಂದ ಟ್ರಾಯ್ ಹೊಸ ದರ ತಂದಿತು. ಆಯ್ಕೆ ನಿಮ್ಮದು ಎಂದರು. 2019ರ ಆ ಲೆಕ್ಕ ಹಾಕೋಣ: ಆಗ ಮೊದಲ ನೂರು ಚಾನೆಲ್ಲಿಗೆ 130 ರೂಪಾಯಿ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ ಇತ್ತು. ಪ್ಯಾಕಿನಲ್ಲಿ ಸೇರಿಸಬಹುದಾದ ಚಾನೆಲ್ಲಿಗೆ ಮಿತಿ 19 ರೂಪಾಯಿ. ದೊಡ್ಡ ಕ್ರೀಡಾ ಚಾನೆಲ್ಲುಗಳು ಸೀದಾ ಆ ಮಿತಿಗೇ ಬಂದು ಕೂತವು. ತೆರಿಗೆ ಸೇರಿ 22 ರೂಪಾಯಿ 42 ಪೈಸೆ. ಒಂದೇ ಒಂದು ಕ್ರೀಡಾ ಚಾನೆಲ್ಲಿಗಾಗಿ ಆಗ ತಿಂಗಳಿಗೆ 175 ರೂಪಾಯಿ 82 ಪೈಸೆ, ವರ್ಷಕ್ಕೆ ಸುಮಾರು 2,110 ರೂಪಾಯಿ ಆಗುತ್ತಿತ್ತು. ಇಷ್ಟು ಕೊಟ್ಟ ಮೇಲೂ ಜಾಹೀರಾತು ನೋಡಲೇಬೇಕು. ಅಂದರೆ ಎರಡು ಸಲ ಕಂದಾಯ.

2018ರ ಕೊನೆಯಲ್ಲಿ ಕನ್ನಡದ ಕ್ರೀಡಾ ಚಾನೆಲ್ ಬಂದಾಗ ನಮ್ಮ ಕನ್ನಡಾಭಿಮಾನಿಗಳು ಕುಣಿದಾಡಿದರು. ಆಟ ಕನ್ನಡ ಮಾತಾಡಿತು, ನಿಜ. ದುಡ್ಡು ಕೊಟ್ಟವನ ಜೊತೆ ಮಾತಾಡಿತು. ಭಾಷೆಯನ್ನು ಹೊಗಳುವವರು ಈ ಬೀಗದ ಬಗ್ಗೆ ತುಟಿ ಬಿಚ್ಚುವುದಿಲ್ಲ.

ಕ್ರಿಕೆಟ್ ಹೋಗಲಿ, ಕಬಡ್ಡಿ ನೋಡಿ. ಬ್ಯಾಟು ಬೇಡ, ಪ್ಯಾಡು ಬೇಡ, ನಾಲ್ಕು ಗೆರೆ ಎಳೆದರೆ ಸಾಕು; ಕೇರಿಯ ಹುಡುಗರು ತಮ್ಮದೆಂದು ಹೇಳಿಕೊಳ್ಳಬಹುದಾದ ಆಟ. 2014ರಲ್ಲಿ ಪ್ರೊ ಕಬಡ್ಡಿಯಾಗಿ ಅದು ಸ್ಟಾರ್ ಸ್ಪೋರ್ಟ್ಸಿಗೆ ಹೋಯಿತು. ಲೀಗ್ ನಡೆಸುವ ಸಂಸ್ಥೆಯಲ್ಲಿ ದೊಡ್ಡ ಪಾಲನ್ನೂ ಸ್ಟಾರ್ ಕೊಂಡಿತು. ಆಟಗಾರರಿಗೆ ನಾಲ್ಕು ಕಾಸು ಸಿಕ್ಕಿತು, ಅದನ್ನು ನಾನು ಅಲ್ಲಗಳೆಯಲಾರೆ. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಗೆದ್ದಾಗ ನಮ್ಮ ಮಣ್ಣಿನಿಂದ ಎದ್ದ ಆಟವನ್ನು ನಾವೇ ಕಾಸು ಕೊಟ್ಟು ನೋಡುವ ಹಾಗಾಗಿತ್ತು.

ಈಗ ಮೊಬೈಲ್ ಇದೆಯಲ್ಲ ಎನ್ನುತ್ತಾರೆ. 2023ರಿಂದ ಐದು ವರ್ಷದ ಐಪಿಎಲ್ ಹಕ್ಕು ಮಾರಾಟವಾದದ್ದು 48,390 ಕೋಟಿ ರೂಪಾಯಿಗೆ. 2023ರಲ್ಲಿ ಜಿಯೋಸಿನಿಮಾ ಪುಕ್ಕಟೆ ತೋರಿಸಿತು. ಗಾಳಕ್ಕೆ ಎರೆಹುಳ ಸಿಕ್ಕಿಸಿದ ಹಾಗೆ. ಡೇಟಾದ ಕರೆನ್ಸಿ ಆಗಲೂ ನಮ್ಮದೇ. 2025ರಲ್ಲಿ ಅದು ಹಾಟ್‌ಸ್ಟಾರ್ ಜೊತೆ ಸೇರಿ ಜಿಯೋಹಾಟ್‌ಸ್ಟಾರ್ ಆಯಿತು. ಸ್ವಲ್ಪ ಹೊತ್ತು ತೋರಿಸಿ, ಮುಂದಕ್ಕೆ ಮೂರು ತಿಂಗಳಿಗೆ 149 ರೂಪಾಯಿಯಿಂದ ಶುರು ಎಂದಿತು.

ಕೇಬಲ್ಲಿಗೂ ಪುಕ್ಕಟೆ ಪ್ರಸಾರ ಸಿಗುವಂತೆ 2007ರ ಕಾಯ್ದೆಯನ್ನು ತಿದ್ದಲು ಕೇಂದ್ರ ಮಂತ್ರಾಲಯ 2018ರಲ್ಲಿ ಒಂದು ಕರಡು ಹೊರಡಿಸಿ ಅಭಿಪ್ರಾಯ ಕೇಳಿತ್ತು. ಅದು ಕಾನೂನಾಗಲಿಲ್ಲ. ರಾಷ್ಟ್ರೀಯ ಮಹತ್ವದ ಪಂದ್ಯ ಯಾವುದು ಎಂದು ಪಟ್ಟಿ ಮಾಡುವ ಅಧಿಕಾರವೂ ಕೇಂದ್ರದ್ದೇ. ಕಬಡ್ಡಿ ಲೀಗನ್ನು ಆ ಪಟ್ಟಿಗೆ ಸೇರಿಸಿ, ಆ ಕರಡನ್ನು ಮತ್ತೆ ಹೊರತೆಗೆಯಿರಿ ಎಂದು ಮೇಷ್ಟ್ರುಗಳು, ವಿದ್ಯಾರ್ಥಿಗಳು, ಯುವಕ ಸಂಘದವರು ಕೂತು ಅರ್ಜಿ ಬರೆಯಬಹುದು. ಒಂದು ಪೋಸ್ಟ್ ಕವರಿನ ಖರ್ಚು.